ಲಗಾಮಿಲ್ಲದ ಕುದುರೆ

ನುರ್ಜಾತ್ ಬಿಸಿ ರೊಟ್ಟಿ ಹಿಡಿದು ಬಂದು ಪಕ್ಕದ ಮನೆಯ ಬಾಗಿಲು ಬಡಿದಳು. ಒಳಗಿನಿಂದ ಸದ್ದಿಲ್ಲ. ಕಿಟಕಿಗೆ ಮುಖ ಒತ್ತಿ ನೋಡಿದಳು. ಮೇದೆರ್ ಕಲ್ಲಿದ್ದಲ ಒಲೆಯ ಪಕ್ಕದ ಮಂಚದ ಮೇಲೆ ಅಂಗಾತ ಮಲಗಿದ್ದ. ಕಿವಿ ಮುಚ್ಚುವ ಟೊಪ್ಪಿಗೆ ತಲೆಯ ಮೇಲೇ ಇತ್ತು. ಕೆನ್ನೆ ಸೇಬಿನಂತೆ ಕೆಂಪಾಗಿತ್ತು.

ಅದು ಒಲೆಯ ಹೊಗೆ ಕುಡಿದವರ ಕೆಂಪು ಎಂದು ಬಿಷ್ಕೆಕ್ ಅಂಚಿನ ಬಡಾವಣೆಗಳ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಗಾಬರಿಯಲ್ಲೂ ನುರ್ಜಾತ್ ರೊಟ್ಟಿಯನ್ನು ನೆಲಕ್ಕೆ ಬೀಳಿಸಲಿಲ್ಲ, ಗೋಡೆಯ ಮೇಲಿಟ್ಟಳು. ಆಮೇಲೆ ಕಲ್ಲೆತ್ತಿ ಗಾಜು ಒಡೆದಳು. ಒಳಗಿನ ಕೆಟ್ಟ ಗಾಳಿ ಹೊರಬಂತು. ಮೇದೆರ್ ಏಳಲಿಲ್ಲ.

ತನಿಖಾಧಿಕಾರಿ ತಲಾಯ್ ಬರುವ ಹೊತ್ತಿಗೆ ಆಂಬುಲೆನ್ಸಿನವರು ಹೋಗಿದ್ದರು. ಪೇದೆ ವರದಿಯನ್ನೂ ಬರೆದು ಮುಗಿಸಿದ್ದ. ತಲಾಯ್ ಹೆಣದ ಮುಂದೆ ನಿಂತು, ಅಂಗೈಗಳೆರಡನ್ನೂ ಮುಖದ ಮೇಲೆ ಎಳೆದುಕೊಂಡು ಪ್ರಾರ್ಥಿಸಿದ. ಅವನಿಗೆ ವಯಸ್ಸಾಗಿತ್ತು. ಹೆಂಡತಿಯನ್ನು ಮಣ್ಣು ಮಾಡಿ ಬಂದ ಮೇಲೆ ಅವನು ಯಾವ ಹೆಣದ ಮುಂದೆಯೂ ಆತುರಪಡುತ್ತಿರಲಿಲ್ಲ.

"ಒಲೆ ಹೊಗೆ, ಬಾಯ್ಕೆ," ಎಂದ ಪೇದೆ. ತನಗಿಂತ ಹಿರಿಯರನ್ನು ಅಲ್ಲಿ ಎಲ್ಲರೂ ಹಾಗೆಯೇ ಅಣ್ಣ ಎಂದು ಕರೆಯುವುದು. "ಕೆಂಡ ಆರೋಕ್ಕೆ ಮುಂಚೆ ಹೊಗೆ ಕೊಳವೆಯ ಅಡ್ಡತಗಡು ಮುಚ್ಚಿದಾನೆ. ಶಾಖ ಹೊರಗೆ ಹೋಗಬಾರದು ಅಂತ ಆಸೆ. ಪ್ರತಿ ವರ್ಷ ಇದೇ ಕತೆ."

"ಮೇದೆರ್ ಮುಚ್ಚಲ್ಲ," ಎಂದಳು ಬಾಗಿಲಲ್ಲಿದ್ದ ನುರ್ಜಾತ್.

"ಮತ್ತೆ ಯಾರು ಮುಚ್ಚಿದ್ರು ಅಕ್ಕಾ, ಬೆಕ್ಕಾ?"

"ನೀನು ಸುಮ್ನಿರು. ಬಾಯ್ಕೆ, ಇವನ ಅಪ್ಪ ಅಮ್ಮ ಇಬ್ಬರೂ ಇದೇ ಹೊಗೇಲಿ ಹೋದವರು. ಇವನು ಆಗ ಹುಡುಗ, ಅಜ್ಜಿ ಮನೇಲಿದ್ದ, ಉಳ್ಕೊಂಡ. ಆ ತಗಡನ್ನ ತೆರೆದೇ ಇಟ್ಟು ತಂತಿ ಸುತ್ತಿ ಬಿಗಿದಿದ್ದ. ನಾವೆಲ್ಲ ಆಡ್ಕೋತಿದ್ವಿ, ಆಕಾಶಕ್ಕೆ ಚಳಿ ಕಾಯಿಸ್ತಿದೀಯೇನೋ ಅಂತ. ಟೊಪ್ಪಿಗೆ ಹಾಕ್ಕೊಂಡು ಮಲಗ್ತಿದ್ದ ಹೊರತು ಅದನ್ನ ಮುಟ್ತಿರಲಿಲ್ಲ."

ತಲಾಯ್ ಕೊಳವೆಯನ್ನು ನೋಡಿದ. ಅಡ್ಡತಗಡು ಪೂರ್ತಿ ಮುಚ್ಚಿತ್ತು. ತಂತಿ ಇರಲಿಲ್ಲ. ಬೂದಿಯ ಬಕೆಟ್ಟಿನಲ್ಲಿ ಕೈಯಾಡಿಸಿದ. ಬೆರಳಿಗೆ ತಂತಿ ಸಿಕ್ಕಿತು. ಅದನ್ನು ಕತ್ತರಿಸಿರಲಿಲ್ಲ. ಯಾರೋ ತಾಳ್ಮೆಯಿಂದ ಒಂದೊಂದೇ ಸುತ್ತು ಬಿಚ್ಚಿದ್ದರು.

ಮೇಜಿನ ಮೇಲೆ ಎರಡು ಚಹಾ ಬಟ್ಟಲುಗಳಿದ್ದವು. ಎರಡರಲ್ಲೂ ಬ್ರಾಂದಿಯ ವಾಸನೆ. ಬಾಟಲಿ ಮನೆಯಲ್ಲೆಲ್ಲೂ ಇಲ್ಲ.

"ಇವನು ಕುಡೀತಿದ್ನಾ?"

"ಯಾರಾದರೂ ತಂದು ಬಲವಂತ ಮಾಡಿದ್ರೆ ಮಾತ್ರ. ಬೇಡ ಅನ್ನೋದು ಅವನಿಗೆ ಬರ್ತಿರಲಿಲ್ಲ," ಎಂದಳು ನುರ್ಜಾತ್. ಸ್ವಲ್ಪ ತಡೆದು, "ನಿನ್ನೆ ಮಧ್ಯಾಹ್ನ ಆ ಗೆನ್ನಾದಿ ಬಂದಿದ್ದ. ಬಜಾರಿನಲ್ಲಿ ಹಳೇ ಕಂಪ್ಯೂಟರ್ ಮಾರೋನು. ಗೇಟಿನಲ್ಲೇ ಕೂಗಾಡ್ತಿದ್ದ. ನಾನು ಆಮೇಲೆ ನನ್ನ ತಂಗಿ ಮನೆಗೆ ಹೋದೆ. ಸಂಜೆ ಯಾರು ಬಂದರೋ ನೋಡಲಿಲ್ಲ," ಎಂದಳು.

ತಲಾಯ್ ಪೇದೆಯ ವರದಿಯನ್ನು ತೆಗೆದುಕೊಂಡು ಮಡಿಸಿ ಜೇಬಿಗೆ ಹಾಕಿದ.

* * *

ಕೋಣೆಯಲ್ಲಿ ಎರಡು ಕಂಪ್ಯೂಟರುಗಳಿದ್ದವು. ಒಂದು ಹೊಸದು, ಕಪ್ಪು. ಇನ್ನೊಂದು ಹಳೆಯದು. ಮುದುಕರ ಹಲ್ಲಿನ ಹಾಗೆ ಹಳದಿಯಾಗಿತ್ತು. ಇಲಾಖೆಯ ಕಂಪ್ಯೂಟರ್ ತಜ್ಞೆ ಸಲ್ತನತ್ ಎರಡನ್ನೂ ಸುತ್ತಿ ನೋಡಿದಳು.

"ಇವರು ಏನು ಮಾಡ್ತಿದ್ರು ಗೊತ್ತಾ ಬಾಯ್ಕೆ? ಹಳೇ ಆಟಗಳನ್ನ ಹೊಸ ಕಂಪ್ಯೂಟರಿನಲ್ಲಿ ಓಡಿಸ್ತಿದ್ರು. ಹಳೇ ಆಟಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಅರ್ಥ ಆಗಲ್ಲ. ಬಾಗಿಲಲ್ಲೇ ಬಿದ್ದೋಗುತ್ತೆ. ಅದಕ್ಕೆ ಇವರು ಹೊಸ ಯಂತ್ರಕ್ಕೆ ಹಳೇ ಯಂತ್ರದ ವೇಷ ಹಾಕ್ತಿದ್ರು. ಆಟ ಮೋಸ ಹೋಗಿ ಒಳಗೆ ಬರುತ್ತೆ."

"ಬಂದ ಮೇಲೆ?"

"ಆಮೇಲೇ ಕಷ್ಟ. ಆ ಕಾಲದವರು ಆಟ ಬರೀವಾಗ ಗಡಿಯಾರ ನೋಡ್ತಿರಲಿಲ್ಲ. ಯಂತ್ರ ಎಷ್ಟು ಜೋರಾಗಿ ಎಣಿಸುತ್ತೋ ಆಟ ಅಷ್ಟೇ ಜೋರು. ಹಳೇದು ನಿಧಾನ, ಆಟಾನೂ ನಿಧಾನ. ಹೊಸದು ಮಿಂಚು. ಮನುಷ್ಯ ಬೆರಳು ಆಡಿಸೋಕ್ಕೆ ಮುಂಚೆ ಆಟ ಮುಗಿದು ಹೋಗಿರುತ್ತೆ. ಅದನ್ನ ಹಿಡಿದು ಹಳೇ ನಡಿಗೆಗೆ ತರೋದಕ್ಕೆ ಲಗಾಮು ಹಾಕೋದು ಅಂತಿದ್ರು ಮೇದೆರ್. ಆಟಕ್ಕೊಂದು ಲಗಾಮು. ಅದನ್ನ ಹದವಾಗಿ ಹಾಕೋಕ್ಕೆ ಈ ಊರಲ್ಲಿ ಇನ್ನೊಬ್ಬರಿಗೆ ಬರಲ್ಲ."

"ಹೊಸದರಲ್ಲಿ ಏನಿದೆ?"

"ಏನೂ ಇಲ್ಲ. ನುಣ್ಣಗೆ ಒರೆಸಿದಾರೆ. ಹಳೇದನ್ನ ಮಾತ್ರ ಮುಟ್ಟಿಲ್ಲ. ಕಸ ಅಂದ್ಕೊಂಡಿರಬೇಕು."

ಅಂಗಳದಲ್ಲಿ ಸಂತಾಪದ ಡೇರೆ ಎದ್ದಿತ್ತು. ಬಂದ ಗಂಡಸರು ಗೇಟಿನಿಂದಲೇ ಬಗ್ಗಿ, "ಅಯ್ಯೋ ನನ್ನ ತಮ್ಮಾ" ಎಂದು ಗಟ್ಟಿಯಾಗಿ ಅಳುತ್ತಾ ಒಳಗೆ ಹೋಗುತ್ತಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ಅತ್ತವನು ಕುಬಾನ್. ಒಳ್ಳೆಯ ಉಣ್ಣೆ ಕೋಟು, ದೊಡ್ಡ ಕಾರು. ಕಂಪ್ಯೂಟರ್ ಆಟಗಳ ಕಂಪನಿಯ ಯಜಮಾನ. ಟೀವಿಯಲ್ಲಿ ಬರುವ ಮನುಷ್ಯ. ಅವನ ಅಳುವನ್ನು ಪಕ್ಕದ ಬೀದಿಯವರೂ ಕೇಳಿಸಿಕೊಂಡರು.

ಡೇರೆಯ ಮೂಲೆಯಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಅಳುತ್ತಿರಲಿಲ್ಲ. ಹೆಸರು ಬುರುಲ್. ತಲಾಯ್ ಪಕ್ಕದಲ್ಲಿ ಕುಳಿತ.

"ನೀವು ಮೇದೆರ್‌ಗೆ ಏನಾಗಬೇಕು, ಅಪಾ?" ಅಮ್ಮನನ್ನೂ ಅಮ್ಮನಂಥ ಹಿರಿಯಳನ್ನೂ ಅಲ್ಲಿ ಅಪಾ ಎನ್ನುವುದು.

"ಏನೂ ಅಲ್ಲ ಮಗಾ. ನನ್ನ ಎರ್ಮೆಕ್‌ನ ಜೊತೆ ಓದಿದವನು. ಎರ್ಮೆಕ್, ಮೇದೆರ್, ಆ ಕುಬಾನ್. ಮೂರು ಜನ ಒಂದೇ ತಟ್ಟೇಲಿ ತಿಂತಿದ್ರು. ನನ್ನ ಮಗ ಒಂದು ಆಟ ಬರೆದ. ಕುರಿ ಕಾಯೋನೊಬ್ಬ ಕುದುರೆ ಹತ್ತಿ, ಹಿಮ ಬೀಳೋಕ್ಕೆ ಮುಂಚೆ ಘಾಟಿ ದಾಟೋದು. ಅದಾದ ಚಳಿಗಾಲದಲ್ಲೇ ಅವನು ನಿಜವಾದ ಘಾಟೀಲಿ ಬಸ್ಸಿನ ಜೊತೆ ಕೆಳಗೆ ಹೋದ."

ಅವಳು ಅಂಗೈಯಿಂದ ಮೊಣಕಾಲು ಉಜ್ಜಿಕೊಂಡಳು.

"ಫೋಟೋ ಇದೆ. ಅಂಗಿ ಇದೆ. ಧ್ವನಿ ಇಲ್ಲ. ಯಾರ ಹತ್ರಾನೂ ಇಲ್ಲ. ಹೋದ ತಿಂಗಳು ಮೇದೆರ್ ಬಂದು ಹೇಳಿದ. ಅಪಾ, ನಮ್ಮ ಹಳೇ ಕಾಲೇಜಿನ ಉಗ್ರಾಣದಲ್ಲಿ ಎರ್ಮೆಕ್‌ನ ಯಂತ್ರ ಸಿಕ್ಕಿತು, ಆಟ ಅದರಲ್ಲೇ ಇದೆ ಅಂತ. ಆಟದ ಕೊನೇಲಿ, ಘಾಟಿಯ ನೆತ್ತೀಲಿ, ಸವಾರ ಕೂಗ್ತಾನಂತೆ. ಕೂಗಿರೋದು ನನ್ನ ಮಗ. 'ಅಪಾ, ದಾಟಿದೆ' ಅಂತ."

"ಕೇಳಿದ್ರಾ?"

"ಇಲ್ಲ. ಮೇದೆರ್ ಬಿಡಲಿಲ್ಲ. ಹಳೇ ಯಂತ್ರ ಈಗಲೋ ಆಗಲೋ ಅಂತಿದೆ, ಸುಮ್ನೆ ಓಡಿಸೋದು ಬೇಡ, ಹೊಸದರಲ್ಲಿ ಹಾಕಿಕೊಡ್ತೀನಿ, ಆಮೇಲೆ ದಿನಾ ಕೇಳಿ ಅಂದ. ನಿನ್ನೆ ಸಂಜೆ ನಾನು ನಮಾಜಿನಿಂದ ಎದ್ದೆ, ಫೋನು ಬಂತು. 'ಅಪಾ, ಈಗ ತಾನೇ ಹೊಸದರಲ್ಲಿ ತೆರೆದುಕೊಳ್ತು. ಕುದುರೆ ಹುಚ್ಚು ಹಿಡಿದಂಗೆ ಓಡ್ತಿದೆ. ನಿಮ್ಮ ಮಗ ಕೋಳಿಮರಿ ಥರ ಕೀಚ್ ಅಂತಾನೆ. ನಾಳೆ ಲಗಾಮು ಹಾಕ್ತೀನಿ, ಬನ್ನಿ' ಅಂತ ನಕ್ಕ. ನಾನು ಬಂದೆ. ಬಂದರೆ ಡೇರೆ ಹಾಕಿದ್ರು."

* * *

ಗೆನ್ನಾದಿಯ ಅಂಗಡಿಯ ತುಂಬಾ ಸತ್ತ ಕಂಪ್ಯೂಟರುಗಳಿದ್ದವು. ಅವನು ಸ್ಟೂಲಿನಿಂದ ಏಳಲಿಲ್ಲ.

"ಹೌದು, ಕೂಗಾಡಿದೆ. ಆ ಹಳದಿ ಪೆಟ್ಟಿಗೆ ಕೇಳಿದೆ. ಸಂಗ್ರಹ ಮಾಡೋರು ಒಳ್ಳೆ ಬೆಲೆ ಕೊಡ್ತಾರೆ. ಅವನು ಕೊಡಲ್ಲ ಅಂದ. ನೀನು ಕತ್ತೆ ಅಂದೆ. ಕತ್ತೆ ಗೇಟಿಗೇ ಚಹಾ ತಂದು ಕೊಡ್ತು, ಕುಡಿದು ಬಂದೆ. ಕತ್ತೆ ಅಂದಿದ್ದಕ್ಕೆ ಜೈಲಾ?"

"ಒಲೆ ಹತ್ರ ಹೋಗಿದ್ಯಾ?"

"ಗೇಟಿನಿಂದ ಒಳಗೇ ಕರೀಲಿಲ್ಲ ಅವನು. ಕೆಲಸ ಇದೆ ಅಂದ. ಹೊಸ ಯಂತ್ರದಲ್ಲಿ ಇನ್ನೂ ಕಪ್ಪು ಪರದೆ ಬಿಟ್ಟು ಏನೂ ಕಾಣ್ತಿಲ್ಲ, ಅದು ತೆರೆದುಕೊಳ್ಳೋವರೆಗೂ ಹಳೇದನ್ನ ಮಾರೋ ಮಾತೇ ಇಲ್ಲ ಅಂದ." ಗೆನ್ನಾದಿ ಮೂಗು ಒರೆಸಿಕೊಂಡ. "ನಾನು ಸಂಜೆಯೆಲ್ಲ ಈ ಬಜಾರಿನಲ್ಲೇ ಇದ್ದೆ. ಎದುರಿಗಿನ ಕಬಾಬಿನವಳನ್ನ ಕೇಳಿ. ನಾನು ಇದ್ದೆ ಅಂತ ದಿನಾ ಬೈಯೋಳು ಅವಳು."

ಕಬಾಬಿನವಳು ಹೇಳಿದಳು. ಬೈದೇ ಹೇಳಿದಳು.

ಮೇಲಧಿಕಾರಿಗೆ ಇದರಿಂದ ಸಂತೋಷವಾಗಲಿಲ್ಲ. "ಮುದುಕರೇ, ಒಂದು ತಂತಿ ತುಂಡು ಹಿಡ್ಕೊಂಡು ಕೊಲೆ ಅಂತೀರಾ? ಹೊಗೆ ಸಾವು ಅಂತ ಮುಗಿಸಿ."

"ತಂತಿ ತಾನಾಗಿ ಬಿಚ್ಕೊಳ್ಳಲ್ಲ," ಎಂದ ತಲಾಯ್.

* * *

ಕುಬಾನ್‌ನ ಕಚೇರಿಯಲ್ಲಿ ಗೋಡೆಯಷ್ಟು ದೊಡ್ಡ ಚಿತ್ರವಿತ್ತು. ಕುದುರೆ, ಸವಾರ, ಹಿಂದೆ ಘಾಟಿ. ಕೆಳಗೆ ಅಕ್ಷರಗಳು: 'ಘಾಟಿ. ನಮ್ಮ ದೇಶದ ಮೊದಲ ಆಟ. ಬರೆದವರು ಕುಬಾನ್.'

"ಬನ್ನಿ ಬನ್ನಿ ತಲಾಯ್ ಬಾಯ್ಕೆ. ನಮ್ಮ ತಂದೆ ಸಮಾನ ನೀವು. ಚಹಾ ತರಿಸಲಾ?"

"ಬೇಡ. ಈ ಆಟ ನೀವು ಬರೆದದ್ದಾ?"

"ಒಬ್ಬನೇ ಬರೆದೆ, ನಿದ್ದೆಗೆಟ್ಟು. ಆಗಿನ ಕಾಲದಲ್ಲಿ ಯಾರಿಗೆ ಬೇಕಿತ್ತು? ಈಗ ಇಸ್ತಾಂಬುಲ್‌ನ ಕಂಪನಿ ಕೇಳ್ತಿದೆ. ಹೊಸ ಯಂತ್ರಗಳಲ್ಲಿ ಓಡೋ ಹಾಗೆ ಮಾಡಿಕೊಡು ಅಂತ ಮೇದೆರ್‌ಗೆ ಕೊಟ್ಟಿದ್ದೆ. ಪಾಪ. ಶುಕ್ರವಾರ ಹೊರಡ್ತೀನಿ, ಕೈಯಲ್ಲಿ ಆಟಾನೇ ಇಲ್ಲದ ಹಾಗಾಯ್ತು ನೋಡಿ."

"ಎರ್ಮೆಕ್ ಅಂತ ಒಬ್ಬರಿದ್ರಂತೆ."

"ಇದ್ದ. ಒಳ್ಳೇ ಹುಡುಗ. ಚಹಾ ಚೆನ್ನಾಗಿ ಮಾಡ್ತಿದ್ದ."

"ಮೇದೆರ್‌ನ ಕೊನೇಗೆ ಯಾವಾಗ ನೋಡಿದ್ರಿ?"

"ಅವತ್ತೇ. ಬೆಳಿಗ್ಗೆ ಹೋಗಿದ್ದೆ, ಮಧ್ಯಾಹ್ನದ ನಮಾಜಿಗೆ ಮುಂಚೇನೇ ಬಂದುಬಿಟ್ಟೆ. ಹೊಸದರಲ್ಲಿ ಇನ್ನೂ ಆಗಿರಲಿಲ್ಲ. ಆ ಹಳೇ ಪೆಟ್ಟಿಗೇಲೇ ಆಟ ಹಾಕಿ ತೋರಿಸಿದ. ಚೆನ್ನಾಗೇ ಇದ್ದ, ನಗ್ತಿದ್ದ. ಒಂದು ಬಟ್ಟಲು ಚಹಾ ಕುಡಿದೆ. ಕುದುರೆ ಘಾಟಿ ಹತ್ತಿತು, ನೆತ್ತೀಲಿ ಹಿಮ ಬಿತ್ತು, ಆಟ ಮುಗೀತು. ಚಹಾ ಆರೋಕ್ಕೆ ಮುಂಚೆ ಎದ್ದು ಬಂದೆ. ಜಗಳ ಇಲ್ಲ, ಮಾತಿಲ್ಲ. ಸಂತೋಷವಾಗಿ ಬಂದೆ."

"ಕೊನೇಲಿ ಸವಾರ ಏನೋ ಕೂಗ್ತಾನಂತೆ."

ಕುಬಾನ್ ಕೈ ಬೀಸಿದ. "ಏನೋ ಕೀಚ್ ಅನ್ನುತ್ತೆ. ಹಳೇ ಸದ್ದು. ಅದನ್ನ ತೆಗೆಸಿ ಒಳ್ಳೇ ಹಾಡುಗಾರನ ಹತ್ರ ಹೇಳಿಸ್ತೀನಿ."

ತಲಾಯ್ ಟೊಪ್ಪಿಗೆ ಹಾಕಿಕೊಂಡು ಎದ್ದ.

* * *

ಅಲ್ಲಿಂದ ನೇರ ಬುರುಲ್‌ಳ ಮನೆಗೆ ಹೋದ. ಅಂದು ಗುರುವಾರ. ಗುರುವಾರ ಸತ್ತವರಿಗೆಂದು ಎಣ್ಣೆಯಲ್ಲಿ ರೊಟ್ಟಿ ಕರಿಯುತ್ತಾರೆ. ಆ ವಾಸನೆ ಅವರನ್ನು ಮುಟ್ಟುತ್ತದೆ. ಬುರುಲ್ ಮಗ ಹೋದಾಗಿನಿಂದ ಒಂದು ಗುರುವಾರವನ್ನೂ ತಪ್ಪಿಸಿರಲಿಲ್ಲ.

"ಅಪಾ, ಎರ್ಮೆಕ್ ಆ ಆಟ ಆಡೋದನ್ನ ನೀವು ನೋಡಿದೀರಾ?"

"ನೋಡದೆ? ಯಂತ್ರಾನ ಕೆಲವು ದಿನ ಮನೆಗೇ ಹೊತ್ಕೊಂಡು ಬಂದಿದ್ದ. ನಾನು ಕುರಿಮಾಂಸ ಬೇಯೋಕ್ಕೆ ಇಡ್ತಿದ್ದೆ, ಅವನು ಕುದುರೆ ಹತ್ತುತಿದ್ದ. ಮಾಂಸ ಬೆಂದು ಎಲುಬು ಬಿಟ್ಟಿರೋದು, ಅವನ ಕುದುರೆ ಇನ್ನೂ ದಾರೀಲೇ. ಏನೋ ಇದು, ಹೊಡಿಯೋ ಅದಕ್ಕೆ ಎರಡು ಅಂದರೆ, 'ಅಪಾ, ಆತುರಪಡಿಸಿದ್ರೆ ಬೀಳುತ್ತೆ, ಹಾಗೇ ಬರೆದಿರೋದು. ತಾತ ಘಾಟಿ ಹತ್ತಿದ್ದು ಹೀಗೇ' ಅಂತಿದ್ದ. ಕೊನೆ ನಾನು ಕಾಣಲೇ ಇಲ್ಲ. ಯಾವಾಗಲೂ ಒಲೆ ಮುಂದೆ ಕೆಲಸ ಇರೋದು."

ತಲಾಯ್ ಸಲ್ತನತ್‌ಳನ್ನು ಅಲ್ಲಿಗೇ ಬರಹೇಳಿದ. ಆಮೇಲೆ ಪ್ರಾಸಿಕ್ಯೂಟರಿಗೆ ಫೋನು ಮಾಡಿದ. ಆ ಕಡೆಯಿಂದ ಬಂದ ಉತ್ತರ ಚುಟುಕಾಗಿತ್ತು. ಮುದುಕಿಯೊಬ್ಬಳ ನೆನಪನ್ನು ನಂಬಿ ಅಂಥ ಮನುಷ್ಯನನ್ನು ವಿಮಾನದಿಂದ ಇಳಿಸಲು ಆಗುವುದಿಲ್ಲ. ಆ ಯಂತ್ರದಲ್ಲಿ ಆಟ ಓಡಿಸಿ, ಸಾಕ್ಷಿಗಳ ಮುಂದೆ ನೋಡಿ, ಆಮೇಲೆ ಬನ್ನಿ.

ಸಲ್ತನತ್ ಒಪ್ಪಲಿಲ್ಲ. "ಒಳಗಿನ ಡಿಸ್ಕು ನರಳ್ತಿದೆ ಬಾಯ್ಕೆ. ಒಂದು ಸಲ ಓಡಬಹುದು. ಓಡದೇ ಇರಬಹುದು. ಮೇದೆರ್ ಮಾಡಿಟ್ಟಿದ್ದ ಪ್ರತಿಗಳೆಲ್ಲ ಹೋಗಿವೆ, ಇರೋದು ಇದೊಂದೇ. ಮಾಸ್ಕೋಗೆ ಕಳಿಸಿದ್ರೆ ಉಳಿಸ್ತಾರೇನೋ. ತಿಂಗಳುಗಟ್ಟಲೆ ಆಗುತ್ತೆ."

"ನಾಳೆ ಅವನು ವಿಮಾನ ಹತ್ತುತ್ತಾನೆ."

"ಗೊತ್ತು. ಆದ್ರೆ ಅದರೊಳಗೆ ಇರೋದು ಏನು ಅಂತ ನಿಮಗೂ ಗೊತ್ತು."

ಇಬ್ಬರೂ ಬುರುಲ್‌ಳ ಕಡೆ ನೋಡಿದರು. ಅವಳು ಬಾಣಲೆಯಿಂದ ಕೊನೆಯ ರೊಟ್ಟಿ ತೆಗೆದು, ಒಲೆ ಆರಿಸಿ, ಕೈ ಒರೆಸಿಕೊಂಡಳು.

"ಮೇದೆರ್ ನನ್ನ ಮಗನ ಧ್ವನಿ ಹುಡುಕ್ತಾ ಸತ್ತ," ಎಂದಳು. "ಅವನನ್ನ ಕೊಂದೋನು ನಾಳೆ ಹಾರಿಹೋಗ್ತಾನೆ, ನಾನು ಪೆಟ್ಟಿಗೆ ಕಾಯ್ಕೊಂಡು ಕೂತಿರಲಾ? ಹಾಕಮ್ಮ. ದಾಟಿದ್ರೆ ಕೇಳ್ತೀನಿ. ಇಲ್ಲದಿದ್ರೆ ದೇವರಿಚ್ಛೆ."

* * *

ಮೇದೆರ್‌ನ ಕೋಣೆಯಲ್ಲಿ ನಾಲ್ವರು ಕುಳಿತರು. ತಲಾಯ್, ಸಲ್ತನತ್, ಬುರುಲ್, ಸಾಕ್ಷಿಗೆ ನುರ್ಜಾತ್. ಒಡೆದ ಕಿಟಕಿಗೆ ರಟ್ಟು ಬಡಿದಿದ್ದರು. ಯಂತ್ರ ಕೆಮ್ಮಿತು. ಪರದೆಯ ಮೇಲೆ ಹಸಿರು ಗೆರೆಗಳ ಬೆಟ್ಟ ಮೂಡಿತು. ಒಂದು ಪುಟ್ಟ ಕುದುರೆ, ಅದರ ಮೇಲೆ ಎತ್ತರದ ಟೊಪ್ಪಿಗೆಯ ಸವಾರ.

ಸಲ್ತನತ್ ಬೆರಳಿಟ್ಟಳು. ಕುದುರೆ ಒಂದು ಕಾಲೆತ್ತಿತು. ಇಟ್ಟಿತು. ಇನ್ನೊಂದು ಕಾಲೆತ್ತಿತು.

ನುರ್ಜಾತ್ ಚಹಾ ಬಗ್ಗಿಸಿ ತಲಾಯ್‌ನ ಮುಂದಿಟ್ಟಳು. ಅವನು ಕುಡಿಯಲಿಲ್ಲ. ಬಟ್ಟಲಿನ ಹಬೆ ನಿಂತಿತು. ಅಂಚಿನಲ್ಲಿ ಕೆನೆ ಕಟ್ಟಿತು. ಕುದುರೆ ಬೆಟ್ಟದ ಬುಡದಲ್ಲಿ ತೊರೆಯೊಂದನ್ನು ದಾಟುತ್ತಿತ್ತು.

"ಸ್ವಲ್ಪ ಜೋರಾಗಿ ಹೊಡೀಬಾರದಾ," ಎಂದಳು ನುರ್ಜಾತ್.

ಸಲ್ತನತ್ ಗುಂಡಿ ಒತ್ತಿದಳು. ಕುದುರೆ ಮುಗ್ಗರಿಸಿತು, ತೊರೆಯ ಈಚೆಗೇ ಬಂದು ನಿಂತಿತು.

"ಹೇಳಲಿಲ್ವಾ," ಎಂದಳು ಬುರುಲ್. ಅಂದು ಮೊದಲ ಸಲ ಅವಳ ತುಟಿಯಲ್ಲಿ ನಗುವಿತ್ತು. "ಇವನು ಹಾಗೇ. ಆತುರಪಡಿಸಿದ್ರೆ ಕೂತುಬಿಡೋನು."

ತಲಾಯ್ ಸಂಜೆಯ ನಮಾಜಿಗೆ ಎದ್ದ. ಪಕ್ಕದ ಕೋಣೆಯಲ್ಲಿ ಮಾಡಿ ಬಂದ. ಕುದುರೆ ಇಳಿಜಾರಿನ ಮಧ್ಯದಲ್ಲಿತ್ತು. ಅವನಿಗೆ ಬೇಕಾದ ಸಾಕ್ಷಿ ಆಗಲೇ ಸಿಕ್ಕಿತ್ತು. ಈಗ ನಿಲ್ಲಿಸಿಬಿಡಬಹುದಿತ್ತು. ನಿಲ್ಲಿಸಿದರೆ ಇದು ಮತ್ತೆ ಏಳುವುದೋ ಇಲ್ಲವೋ ಸಲ್ತನತ್‌ಗೂ ಗೊತ್ತಿರಲಿಲ್ಲ. ಬುರುಲ್ ಪರದೆಯ ಸಮೀಪಕ್ಕೆ ಸರಿದಿದ್ದಳು. ಕಿವಿಯ ಮೇಲಿನ ಬಟ್ಟೆಯನ್ನು ಹಿಂದಕ್ಕೆ ತಳ್ಳಿದ್ದಳು. ಯಾರೂ ನಿಲ್ಲಿಸುವ ಮಾತಾಡಲಿಲ್ಲ.

ಘಾಟಿಯ ನೆತ್ತಿ ಕಾಣಿಸಿತು. ಅಲ್ಲಿ ಕಲ್ಲುಗಳ ಒಂದು ಗುಡ್ಡೆ. ಕುದುರೆ ಅದರ ಕೆಳಗೆ ಬಂತು.

ಯಂತ್ರದೊಳಗೆ ಏನೋ ಕಿರ್ರೆಂದಿತು. ಕಬ್ಬಿಣ ಕಬ್ಬಿಣವನ್ನು ಹೆರೆದ ಸದ್ದು. ಕುದುರೆ ಒಂದು ಕಾಲೆತ್ತಿತ್ತು. ಅದನ್ನು ಇಡಲಿಲ್ಲ.

ಸಲ್ತನತ್ ಗುಂಡಿಗಳನ್ನು ಒತ್ತಿ ನೋಡಿದಳು. ಕಾದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಕೊನೇ ಭಾಗಾನ, ಧ್ವನೀನ ಡಿಸ್ಕಿನಿಂದ ತೆಗೀಬೇಕಿತ್ತು," ಎಂದಳು. "ತೆಗೆಯೋಕ್ಕೆ ಹೋಗಿ ಡಿಸ್ಕನ್ನೇ ಹೆರೆದುಬಿಡ್ತು. ಕ್ಷಮಿಸಿ ಅಪಾ. ಇನ್ನು ಮಾಸ್ಕೋಗೆ ಕಳಿಸಿದ್ರೂ ಇಲ್ಲ."

ಬುರುಲ್ ಪರದೆಯ ಮೇಲಿನ ಕುದುರೆಯನ್ನು ನೋಡುತ್ತಿದ್ದಳು. "ಹತ್ತಿರಾನೇ ಬಂದಿದ್ದ," ಎಂದಳು.

* * *

ಮರುದಿನ ಬೆಳಿಗ್ಗೆ, ವಿಮಾನಕ್ಕೆ ಹೊರಡುವ ಮೊದಲು, ಆಟವನ್ನು ಗುರುತಿಸಿ ಕೊಡಬೇಕೆಂದು ಕುಬಾನ್‌ನನ್ನು ಆ ಮನೆಗೇ ಕರೆಸಿದರು. ಅವನು ಅವಸರದಲ್ಲಿದ್ದ. ಬುರುಲ್‌ಳನ್ನು ಕಂಡು, "ಚೆನ್ನಾಗಿದೀರಾ ಅಪಾ," ಎಂದ.

"ನನಗಾಗಿ ಇನ್ನೊಂದು ಸಲ ಹೇಳಿ," ಎಂದ ತಲಾಯ್. "ಅವತ್ತು ಏನು ನೋಡಿದ್ರಿ?"

"ಹೇಳಿದ್ನಲ್ಲ. ಈ ಹಳೇ ಪೆಟ್ಟಿಗೇಲಿ ಕುದುರೆ ಘಾಟಿ ಹತ್ತಿತು, ಹಿಮ ಬಿತ್ತು. ಚಹಾ ಆರೋಕ್ಕೆ ಮುಂಚೆ ಹೊರಟೆ. ಮಧ್ಯಾಹ್ನದ ನಮಾಜೂ ಆಗಿರಲಿಲ್ಲ."

"ನಿನ್ನೆ ನಾವೂ ಈ ಪೆಟ್ಟಿಗೇಲಿ ಹೊರಟಿದ್ವಿ. ಚಹಾ ಆರಿತು. ಮತ್ತೆ ಕಾಯಿಸಿದ್ವಿ, ಮತ್ತೆ ಆರಿತು. ನಾನು ನಮಾಜು ಮುಗಿಸಿ ಬಂದೆ. ಕುದುರೆ ಇನ್ನೂ ಹತ್ತುತ್ತಾನೇ ಇತ್ತು."

ಕುಬಾನ್ ಯಂತ್ರವನ್ನು ನೋಡಿದ. "ಕೆಟ್ಟಿರಬೇಕು."

"ಅದು ಹುಟ್ಟಿದಾಗಿನಿಂದ ಹಾಗೇ. ಎರ್ಮೆಕ್ ಹಾಗೇ ಬರೆದದ್ದು. ಆತುರಪಡಿಸಿದ್ರೆ ಬೀಳುತ್ತೆ. ಇದನ್ನ ಬರೆದವನಿಗೆ ಅದು ಗೊತ್ತಿರುತ್ತೆ. ಒಂದೇ ಒಂದು ಸಲ ಆಡಿದವನಿಗೂ ಗೊತ್ತಿರುತ್ತೆ. ನೀವು ಬರೀಲೂ ಇಲ್ಲ, ಆಡಲೂ ಇಲ್ಲ. ನಿಮ್ಮ ಹೆಸರು ಹಾಕ್ಕೊಂಡ್ರಿ, ಅಷ್ಟೇ. ಚಹಾ ಆರೋದರೊಳಗೆ ಕುದುರೆ ಘಾಟಿ ದಾಟೋದನ್ನ ನೀವು ನೋಡಿದ್ದು ನಿಜ. ನೋಡಿದ್ದು ಈ ಹಳೇದರಲ್ಲಲ್ಲ. ಆ ಹೊಸದರಲ್ಲಿ, ಲಗಾಮು ಹಾಕೋಕ್ಕೆ ಮುಂಚೆ."

"ಯಾವುದಾದರೇನು? ಯಾವ ಯಂತ್ರ ಅಂತ ಮರೆತಿರಬಹುದು. ಮಧ್ಯಾಹ್ನಕ್ಕೆ ಮುಂಚೆ ನೋಡಿದೆ."

"ಮಧ್ಯಾಹ್ನ ಗೆನ್ನಾದಿ ಬಂದಾಗ ಹೊಸದರಲ್ಲಿ ಕಪ್ಪು ಪರದೆ ಬಿಟ್ಟರೆ ಏನೂ ಇರಲಿಲ್ಲ. ಅದು ತೆರೆದುಕೊಂಡಿದ್ದು ಸಂಜೆ. ತೆರೆದ ಕೂಡಲೇ ಮೇದೆರ್ ಅಪಾಗೆ ಫೋನು ಮಾಡಿದ. ನೀವು ನೋಡಿದ್ದು ಅದಾದ ಮೇಲೆ. ಆವತ್ತು ಸಂಜೆ ನೀವು ಈ ಕೋಣೇಲಿ, ಈ ಮೇಜಿನ ಮುಂದೆ ಬ್ರಾಂದಿ ಬಗ್ಗಿಸ್ತಾ ಕೂತಿದ್ರಿ. ಹೊತ್ತು ಬದಲಿಸಿ ಹೇಳಿದ್ರಿ. ಯಂತ್ರಾನೂ ಬದಲಿಸಿ ಹೇಳಿದ್ರಿ. ಕುದುರೆ ಓಟ ಬದಲಿಸೋದು ಮರೆತುಹೋಯ್ತು. ಮರೆತಿದ್ದು ಅಂತಾನೂ ಅಲ್ಲ, ಅದರ ನಿಜವಾದ ನಡಿಗೆ ನಿಮಗೆ ಗೊತ್ತೇ ಇರಲಿಲ್ಲ."

ಪ್ರಾಸಿಕ್ಯೂಟರ್ ಸಹಿ ಮಾಡಿದ ಅಪ್ಪಣೆಯನ್ನು ತಲಾಯ್ ಮೇಜಿನ ಮೇಲಿಟ್ಟು ಕೈ ಚಾಚಿದ. "ಫೋನು ಕೊಡಿ."

ಸಲ್ತನತ್ ಫೋನಿನಲ್ಲಿ ಹುಡುಕಿದಳು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊಸದರಲ್ಲಿ ಆಟ ತೆರೆಯಿತೆಂದು ಇಸ್ತಾಂಬುಲ್‌ಗೆ ತೋರಿಸಲು ಅವನು ಆ ಸಂಜೆಯೇ ಪರದೆಯನ್ನು ಚಿತ್ರೀಕರಿಸಿ ಕಳಿಸಿದ್ದ. ಕಪ್ಪು ಯಂತ್ರ. ಹೊರಗೆ ಕತ್ತಲಾದ ಕಿಟಕಿ. ಮೇಜಿನ ಅಂಚಿನಲ್ಲಿ ಬ್ರಾಂದಿ ಬಾಟಲಿ, ಎರಡು ಬಟ್ಟಲು. ಅದರ ಹಿಂದೆ ಒಲೆಯ ಕೊಳವೆ. ತಗಡಿನ ಹಿಡಿಗೆ ತಂತಿ ಇನ್ನೂ ಸುತ್ತಿತ್ತು.

ಪರದೆಯಲ್ಲಿ ಕುದುರೆ ಗಾಳಿಗೆ ಸಿಕ್ಕ ಕಾಗದದ ಹಾಗೆ ಬೆಟ್ಟ ಹತ್ತಿತು. ಹಿಮ ಮಿನುಗಿತು. ಏನೋ ಕೀಚ್ ಎಂದಿತು. ಆಮೇಲೆ ಹೆಸರು ಬಂತು. ಒಂದೇ ಹೆಸರು. ಎರ್ಮೆಕ್. ಚಿತ್ರ ಅಲ್ಲಿಗೆ ತಟಕ್ಕನೆ ನಿಂತಿತು.

ಕುಬಾನ್ ಮಂಚದ ಮೇಲೆ ಕುಳಿತ. ಮೇದೆರ್ ಸತ್ತ ಮಂಚ ಅದೇ ಎಂಬುದು ಅವನಿಗೆ ತೋಚಲಿಲ್ಲ.

"ಆ ಹೆಸರು ತೆಗಿ ಅಂದೆ," ಎಂದ. "ಧ್ವನೀನೂ ತೆಗಿ ಅಂ​ದೆ. ಅವನು ಆಗಲ್ಲ ಅಂದ. ಅಪಾ ನಾಳೆ ಬರ್ತಾರೆ, ಅವರಿಗೆ ತೋರಿಸಿದ ಮೇಲೆ ಎಲ್ಲರಿಗೂ ಹೇಳ್ತೀನಿ ಅಂದ. ಯಾವತ್ತೂ ಬೇಡ ಅನ್ನದೇ ಇದ್ದೋನು ಅವತ್ತೇ ಬೇಡ ಅಂದ. ಇಷ್ಟು ವರ್ಷ ಈ ಆಟಾನ ಬೆನ್ನ ಮೇಲೆ ಹೊತ್ಕೊಂಡು ತಿರುಗಿದ್ದು ನಾನು. ಎರ್ಮೆಕ್ ಏನು ಮಾಡ್ದ? ಸತ್ತ. ಸತ್ತವನಿಗೆ ಹೆಸರು ಯಾಕೆ?"

"ತಂತಿ?" ಎಂದ ತಲಾಯ್.

"ಅವನಿಗೆ ನೆಗಡಿ ಇತ್ತು. ಕುಡಿದು ಮಲಗಿಬಿಟ್ಟ. ಬೆಚ್ಚಗಿರಲಿ ಅಂತ..."

"ಬೆಚ್ಚಗಿರಲಿ ಅಂತ ಒಂದೊಂದೇ ಸುತ್ತು ಬಿಚ್ಚಿದೆ. ಅವನ ಅಪ್ಪ ಅಮ್ಮನ ಹೆಣ ಎತ್ತೋವಾಗ ನೀನೂ ಬಂದಿದ್ದೆ," ಎಂದಳು ನುರ್ಜಾತ್. "ಆ ತಂತಿ ಯಾಕಿದೆ ಅಂತ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು ನಿನಗೆ."

ಕುಬಾನ್ ಅವಳ ಕಡೆ ನೋಡಲಿಲ್ಲ. ಬುರುಲ್‌ಳ ಕಡೆಯೂ ನೋಡಲಿಲ್ಲ. ಪೇದೆ ಬಂದು ತೋಳು ಹಿಡಿದ. ಮೇದೆರ್‌ನ ಡಿಸ್ಕುಗಳನ್ನು ಏನು ಮಾಡಿದೆಯೆಂದು ತಲಾಯ್ ಬಾಗಿಲಲ್ಲಿ ಕೇಳಿದ.

"ದಾರೀಲಿ ಕಾಲುವೆಗೆ ಎಸೆದೆ. ಎಲ್ಲದರಲ್ಲೂ ಆ ಹೆಸರಿತ್ತು," ಎಂದ ಕುಬಾನ್.

* * *

ಮುಂದಿನ ಗುರುವಾರ ತಲಾಯ್ ಮತ್ತು ಸಲ್ತನತ್ ಬುರುಲ್‌ಳ ಮನೆಗೆ ಹೋದರು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಹಿಟ್ಟು ಎಂದಿಗಿಂತ ಹೆಚ್ಚು ಕಲಸಿದ್ದಳು. ಮೇದೆರ್‌ಗೂ ಹಿಂದೆ ಮುಂದೆ ಯಾರೂ ಇರಲಿಲ್ಲ.

ಕುಬಾನ್‌ನ ಫೋನಿನಲ್ಲಿದ್ದ ಕೀಚ್ ಸದ್ದನ್ನು ಸಲ್ತನತ್ ತೆಗೆದುಕೊಂಡು ಬಂದಿದ್ದಳು. ಅದನ್ನು ನಿಧಾನ ಮಾಡಲು ರಾತ್ರಿ ಹಗಲು ಕೂತಿದ್ದಳು.

"ಹೆಚ್ಚು ಆಸೆ ಇಟ್ಕೋಬೇಡಿ ಅಪಾ. ಅಷ್ಟು ವೇಗದಲ್ಲಿ ಹೋದದ್ದನ್ನ ಫೋನು ಪೂರ್ತಿ ಹಿಡಿದೇ ಇಲ್ಲ. ಇರೋದನ್ನ ಎಳೆದಿದೀನಿ."

ಬುರುಲ್ ಬೆಂಕಿ ಸಣ್ಣ ಮಾಡಿದಳು. ಎಣ್ಣೆಯ ಸದ್ದು ಅಡ್ಡ ಬರಬಾರದಲ್ಲ. ಕುಳಿತು ತಲೆಯ ಬಟ್ಟೆಯನ್ನು ಕಿವಿಯಿಂದ ಸರಿಸಿಕೊಂಡಳು.

ಸಲ್ತನತ್ ಗುಂಡಿ ಒತ್ತಿದಳು. ತಂತಿಗಳ ನಡುವೆ ಗಾಳಿ ಹಾಯ್ದಂಥ ಸದ್ದು ಬಂತು. ಅದು ಏರಿತು, ಸ್ವಲ್ಪ ಹೊತ್ತು ನಿಂತಿತು, ಇಳಿಯಿತು. ಅದರಲ್ಲಿ ಮಾತಿರಲಿಲ್ಲ.

"ಇನ್ನೊಂದು ಸಲ," ಎಂದಳು ಬುರುಲ್.

ಇನ್ನೊಂದು ಸಲ ಹಾಕಿದಳು. ತಲಾಯ್ ನೆಲ ನೋಡುತ್ತಿದ್ದ.

"ಮೇದೆರ್ ಇದ್ದಿದ್ರೆ ಲಗಾಮು ಹಾಕ್ತಿದ್ದ," ಎಂದಳು ಬುರುಲ್. ಎದ್ದು ಒಲೆಯ ಬಳಿಗೆ ಹೋದಳು. ಮೊದಲ ರೊಟ್ಟಿಯನ್ನು ಎಣ್ಣೆಗೆ ಬಿಟ್ಟಳು. ವಾಸನೆ ಮನೆಯನ್ನು ತುಂಬಿತು, ಕಿಟಕಿಯ ಸಂದಿನಿಂದ ಹೊರಟಿತು. ಅವಳು ಬೆನ್ನು ತಿರುಗಿಸಿಕೊಂಡೇ ಕೇಳಿದಳು:

"ಗಾಳಿ ಕೇಳಿಸ್ತು ಮಗಾ. ಘಾಟಿ ಮೇಲೆ ಗಾಳಿ ಇರುತ್ತೆ. ಅವನು ದಾಟಿದ್ನಾ ಇಲ್ವಾ, ನಿನಗೇನಾದರೂ ತಿಳೀತಾ?"

ತಲಾಯ್ ಅಂಗೈಗಳನ್ನು ಮುಖದ ಮೇಲೆ ಎಳೆದುಕೊಂಡು, ರೊಟ್ಟಿ ಬೇಯುವವರೆಗೂ ಕುಳಿತಿದ್ದ.